ನನ್ನ ಅಳು ಕದ್ದವನು

ಗಂಡಸರು ಎಲ್ಲಿ ನೋಡುತ್ತಾರೋ ಅಲ್ಲಿ ಅವನು ನೋಡಲಿಲ್ಲ. ನನಗೆ ಮೊದಲ ಅನುಮಾನ ಬಂದದ್ದೇ ಅದಕ್ಕೆ.

ಥೇಮ್ಸ್ ಹೊಳೆಯ ದಕ್ಷಿಣ ದಂಡೆಯಲ್ಲಿ, ದೋಣಿಗಳು ಬಂದು ನಿಲ್ಲುವ ಮೆಟ್ಟಿಲುಗಳ ಹಿಂದೆಯೇ ನಮ್ಮ ಗಂಜಿ ಅಂಗಡಿ. ದೊಡ್ಡ ಮನುಷ್ಯರು ಕುತ್ತಿಗೆಗೆ ಕಟ್ಟಿಕೊಳ್ಳುವ ನಿರಿಗೆಯ ಕಾಲರುಗಳನ್ನು ತೊಳೆದು, ಗಂಜಿಯಲ್ಲಿ ಅದ್ದಿ, ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಒಂದೊಂದೇ ನಿರಿಗೆ ಎಬ್ಬಿಸಿ ಕೊಡುವುದು ನನ್ನ ಮತ್ತು ಉರ್ಸುಲ ಚಿಕ್ಕಮ್ಮನ ಕೆಲಸ. ಅಂಗಡಿಗೆ ಬರುವ ಗಂಡಸರ ಕಣ್ಣು ಎಲ್ಲೆಲ್ಲಿ ಅಲೆದಾಡುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಇವನು ಮಾತ್ರ ಬಾಗಿಲಲ್ಲಿ ನಿಂತು ನನ್ನ ಮೊಣಕೈ ನೋಡುತ್ತಿದ್ದ.

"ಏನ್ ಬೇಕಾಗಿತ್ತು?" ಅಂದೆ.

"ಇದಕ್ಕೆ ಗಂಜಿ ಹಾಕಿಸ್ಬೇಕು." ಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲಿಟ್ಟ. ಹೆಂಗಸರ ಕಾಲರು. ಅಂಚಿಗೆ ಲೇಸು, ಒಳಮಗ್ಗುಲಲ್ಲಿ ಮುಖಕ್ಕೆ ಹಚ್ಚುವ ಬಿಳಿ ಬಣ್ಣದ ಕಲೆ.

"ಯಾರದ್ದು ಇದು?"

"ರಾಣೀದು."

"ಯಾವ ರಾಣಿ?"

"ಇವತ್ತು ಮಧ್ಯಾಹ್ನ ವಿಷ ಕುಡಿದು ಸಾಯ್ತಾಳಲ್ಲ, ಆ ರಾಣಿ. ಸಾಯೋದ್ರೊಳಗೆ ಕೊಟ್ರೆ ಸಾಕು."

ನಗಬಾರದು ಅಂದುಕೊಂಡೆ. ಆದರೆ ನಗು ಬಂದೇ ಬಂತು. ಕೈತುಂಬ ಗಂಜಿ ಇದ್ದದ್ದರಿಂದ ಮುಖಕ್ಕೆ ಬಿದ್ದ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿದೆ. ಅವನು ಅದನ್ನೂ ನೋಡಿದ. ಹಸಿದವನು ರೊಟ್ಟಿ ಅಂಗಡಿಯ ಮುಂದೆ ನಿಂತು ನೋಡುತ್ತಾನಲ್ಲ, ಹಾಗೆ.

ಅವನ ಹೆಸರು ಆಂಬ್ರೋಸ್. ನಮ್ಮ ಓಣಿಯ ತುದಿಯ ನಾಟಕಶಾಲೆಯಲ್ಲಿ ಸ್ತ್ರೀಪಾತ್ರದವನು. ಹೆಂಗಸರು ರಂಗ ಹತ್ತುವಂತಿಲ್ಲವಾದ್ದರಿಂದ ದಾಸಿ, ಗೆಳತಿ, ಮಗಳು ಎಲ್ಲ ದನಿ ಒಡೆಯದ ಹುಡುಗರೇ. ಅಳಬೇಕಾದ ದೊಡ್ಡ ದೊಡ್ಡ ರಾಣಿಯರ ಪಾತ್ರ ಬಂದರೆ ಮಾತ್ರ ಇಪ್ಪತ್ತೊಂದರ ಆಂಬ್ರೋಸೇ ಆಗಬೇಕು. ದಿನಕ್ಕೆ ಎರಡು ಸಲ ಗಡ್ಡ ಕೆರೆದುಕೊಳ್ಳುತ್ತಿದ್ದ. ಅವನ ಹುಬ್ಬು ನನ್ನ ಹುಬ್ಬಿಗಿಂತ ತೆಳ್ಳಗಿತ್ತು. ನನಗೂ ಅವನ ವಯಸ್ಸೇ, ಆದರೂ ಅಂಥ ಹುಬ್ಬು ನನಗಿಲ್ಲವಲ್ಲ ಅಂತ ಹೊಟ್ಟೆಕಿಚ್ಚು ಪಟ್ಟಿದ್ದು ನಿಜ.

ರಾಣಿಯ ಕಾಲರು ವಾರಕ್ಕೊಮ್ಮೆ ಕೊಳೆಯಾಗಬೇಕಿತ್ತು. ಅದು ದಿನಾ ಕೊಳೆಯಾಗತೊಡಗಿತು.

"ನಿಮ್ಮ ರಾಣಿ ಸಾಯೋವಾಗ ಕೆಸರಲ್ಲಿ ಬೀಳ್ತಾಳಾ?" ಅಂತ ಕೇಳಿದೆ.

"ಇಲ್ಲ. ನಾನೇ ದಾರೀಲಿ ಸ್ವಲ್ಪ ಉಜ್ಜಿಕೊಂಡು ಬರ್ತೀನಿ."

ಹೀಗೆ ನೇರವಾಗಿ ಹೇಳಿಬಿಟ್ಟರೆ ಏನು ಮಾಡುವುದು? ನಾನು ಕಡ್ಡಿ ಕಾಯಿಸುವ ಒಲೆಯ ಕಡೆ ತಿರುಗಿದೆ. ನನ್ನ ಕಿವಿ ಕೆಂಪಾದದ್ದು ಒಲೆಯ ಬಿಸಿಗೇ ಅಂತ ಅವನು ತಿಳಿದುಕೊಳ್ಳಲಿ ಅಂತ.

* * *

ಬೇಸಿಗೆಯ ಸಂಜೆಗಳಲ್ಲಿ ನಾಟಕ ಮುಗಿಸಿ, ಮುಖ ತೊಳೆದು, ಅವನು ಹೊಳೆಯ ಮೆಟ್ಟಿಲಿಗೆ ಬರುತ್ತಿದ್ದ. ನಾನು ಶುಂಠಿರೊಟ್ಟಿ ತರುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ಮುರಿದು ತಿನ್ನುತ್ತಿದ್ದೆವು. ಅವನ ಕಿವಿಯ ಹಿಂದೆ ಯಾವಾಗಲೂ ಒಂಚೂರು ಕೆಂಪು ಬಣ್ಣ ಉಳಿದಿರುತ್ತಿತ್ತು. ಬೇರೆ ಹುಡುಗಿಯರಿಗಾದರೆ ಅದು ಇನ್ನೊಬ್ಬ ಹೆಂಗಸಿನ ಗುರುತು. ನನ್ನ ಪಾಲಿಗೆ ಆ ಇನ್ನೊಬ್ಬ ಹೆಂಗಸು ಇವನೇ.

ಮೊದಲ ಸಲ ನಾನೇ ಬೆರಳನ್ನು ಒದ್ದೆ ಮಾಡಿ ಆ ಬಣ್ಣ ಒರೆಸಿದೆ. ಅವನು ಅಲ್ಲಾಡದೆ ಕೂತ. ಉಸಿರಾಡಿದರೆ ನಾನು ಎದ್ದು ಹೋಗಿಬಿಡುತ್ತೇನೆ ಅನ್ನುವ ಹಾಗೆ.

"ಇನ್ನೂ ಇದೆಯಾ?" ಅಂದ.

"ಇಲ್ಲ, ಹೋಯ್ತು."

"ಇನ್ನೊಂದ್ಸಲ ನೋಡು. ಇರ್ಬಹುದು."

ಇಷ್ಟೇ ಆಗಿದ್ದರೆ ನಾನು ಸುಖವಾಗಿ ಇರುತ್ತಿದ್ದೆ. ಆದರೆ ಅವನು ಕೇಳುವ ಪ್ರಶ್ನೆಗಳು ಇದ್ದವಲ್ಲ, ಅವು ನನ್ನ ನೆಮ್ಮದಿ ಕೆಡಿಸುತ್ತಿದ್ದವು. ಬೇರೆಯವರ ಹುಡುಗರು ಏನು ಕೇಳುತ್ತಾರೆ? ನಿನಗೆ ಯಾವ ಬಣ್ಣ ಇಷ್ಟ, ನಾಳೆ ಸಿಗ್ತೀಯಾ, ಇಂಥದ್ದು. ಇವನು ಕೇಳುತ್ತಿದ್ದದ್ದು ಬೇರೆ.

"ಸಿಸ್ಲಿ, ನಿನಗೆ ಕೋಪ ಬಂದಾಗ ದನಿ ಯಾಕೆ ಸಣ್ಣಗಾಗುತ್ತೆ?"

"ಸಿಸ್ಲಿ, ಬೇಜಾರಾದಾಗ ನೀನು ಮೊದಲು ಕಣ್ಣು ತಿರುಗಿಸ್ತೀಯೋ, ತಲೆ ತಿರುಗಿಸ್ತೀಯೋ?"

"ನಂಗೇನ್ ಗೊತ್ತು ಮಾರಾಯಾ. ಬೇಜಾರಾದಾಗ ಯಾರಾದ್ರೂ ಕನ್ನಡಿ ಹಿಡ್ಕೊಂಡು ಕೂತಿರ್ತಾರಾ?"

ಅವನು ನಗುತ್ತಿದ್ದ. ಆದರೆ ಉತ್ತರಕ್ಕೆ ಕಾಯುತ್ತಲೂ ಇದ್ದ.

ಒಂದು ಸಂಜೆ ಮಾತಿನ ನಡುವೆ ಅಮ್ಮನ ವಿಷಯ ಬಂತು. ಊರಿಗೆಲ್ಲ ಅಂಟುಜ್ವರ ಬಂದ ವರ್ಷ ಅವಳು ಹೋದದ್ದು, ಬಾಗಿಲಿಗೆ ಹಲಗೆ ಹೊಡೆದಿದ್ದರಿಂದ ನನ್ನನ್ನು ಒಳಗೆ ಬಿಡದೇ ಇದ್ದದ್ದು, ನಾನು ಬೀದಿಯಿಂದಲೇ ಅವಳ ಕೆಮ್ಮು ಕೇಳುತ್ತಿದ್ದದ್ದು, ಆಮೇಲೆ ಆ ಕೆಮ್ಮೂ ನಿಂತುಹೋದದ್ದು. ಚಿಕ್ಕಮ್ಮನ ಹತ್ತಿರವೂ ಇದನ್ನು ನಾನು ಹೀಗೆ ಬಿಡಿಸಿ ಹೇಳಿರಲಿಲ್ಲ. ಅಳು ಬಂತು. ನಾನು ಅಳುವಾಗ ಸದ್ದು ಮಾಡುವುದಿಲ್ಲ, ಗಲ್ಲ ಮಾತ್ರ ಮುಂದಕ್ಕೆ ಬರುತ್ತದಂತೆ. ಆಂಬ್ರೋಸ್ ನನ್ನ ಕೈ ಹಿಡಿದುಕೊಂಡ. ಅವತ್ತು ಏನೂ ಕೇಳಲಿಲ್ಲ. ಈ ಮನುಷ್ಯನ ಜೊತೆ ಬದುಕಬಹುದು ಅಂತ ನನಗೆ ಅವತ್ತೇ ಅನ್ನಿಸಿತು.

ಚಿಕ್ಕಮ್ಮನಿಗೆ ಹಾಗೆ ಅನ್ನಿಸಿರಲಿಲ್ಲ.

"ಅವನು ಲಂಗ ಉಡ್ತಾನೆ ಅಂತ ನಂಗೇನೂ ತಕರಾರಿಲ್ಲ ಕಣೆ. ಹೊಟ್ಟೆಪಾಡು," ಅಂದಳು. "ಆದ್ರೆ ದಿನಾ ಮಧ್ಯಾಹ್ನ ಸುಳ್ಳು ಕಣ್ಣೀರು ಹಾಕಿ ಸಾವಿರ ಜನರನ್ನ ನಂಬಿಸೋನು, ಸಂಜೆ ಒಬ್ಬಳನ್ನ ನಂಬಿಸೋಕೆ ಕಷ್ಟ ಏನೇ? ಹಾಕ್ಲಿ ನೋಡು. ಮಾತು ಕಮ್ಮಿ, ಆದ್ರೆ ಆಡಿದ್ದು ಆಡಿದ ಹಾಗೇ ಇರುತ್ತೆ."

ಹಾಕ್ಲಿ ನಮಗೆ ಗಂಜಿಯ ಗೋಧಿಹಿಟ್ಟು ಒದಗಿಸುವ ವ್ಯಾಪಾರಿ. ಹೆಂಡತಿ ತೀರಿಕೊಂಡಿದ್ದಳು. ಒಳ್ಳೆಯವನು, ಸುಮ್ಮನೆ ಹೇಳುವುದಲ್ಲ. ನನ್ನನ್ನು ಕೊಡುತ್ತೀರಾ ಅಂತ ಚಿಕ್ಕಮ್ಮನನ್ನು ಕೇಳಿದ್ದ. ಹೂಂ ಅಂದರೆ ಬರುವ ತಿಂಗಳ ಮೊದಲ ಭಾನುವಾರದಿಂದ ಚರ್ಚಿನಲ್ಲಿ ಪಾದ್ರಿ ಇಬ್ಬರ ಹೆಸರನ್ನೂ ಓದಿ ಮದುವೆ ಸಾರುತ್ತಾರೆ. ಅದರ ಹಿಂದಿನ ದಿನದೊಳಗೆ ಉತ್ತರ ಹೇಳಬೇಕು.

"ನಿಂಗೆ ಆ ಹುಡುಗನ ಮೇಲೆ ನಂಬಿಕೆ ಇದ್ರೆ ಅವನನ್ನೇ ಮಾಡ್ಕೋ. ನಾನು ಅಡ್ಡ ಬರಲ್ಲ," ಅಂದಳು ಚಿಕ್ಕಮ್ಮ. "ನಂಬಿಕೆ ಇದೆಯಾ, ಅದನ್ನ ಹೇಳು."

ಇದೆ ಅಂದೆ. ಅಂದಮೇಲೆ ನಾಟಕ ನೋಡೋಣ ಅಂತ ಹೋದೆ. ಅಲ್ಲಿಯವರೆಗೆ ಅವನ ಒಂದು ಪಾತ್ರವನ್ನೂ ನಾನು ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತು ಅಂಗಡಿ ಬಿಡಲು ಆಗುತ್ತಿರಲಿಲ್ಲ.

* * *

ನಿಂತು ನೋಡುವ ಜನರ ನಡುವೆ ಜಾಗ ಮಾಡಿಕೊಂಡೆ. ಪಕ್ಕದಲ್ಲಿ ಒಬ್ಬ ದಪ್ಪ ಹೆಂಗಸು ಅಕ್ರೋಟು ಒಡೆದು ತಿನ್ನುತ್ತಿದ್ದಳು. ಕಹಳೆ ಊದಿದರು. ರಾಣಿ ಬಂದಳು.

ಅಬ್ಬಾ, ಎಂಥ ಚೆಲುವೆ. ನಾನು ಗಂಜಿ ಹಾಕಿದ ಕಾಲರಿನ ಮೇಲೆ ಅವನ ಮುಖ ತಟ್ಟೆಯಲ್ಲಿಟ್ಟ ಹಣ್ಣಿನ ಹಾಗೆ ಕೂತಿತ್ತು. ನನಗೆ ಹೆಮ್ಮೆಯಾಯಿತು. ಪಕ್ಕದವಳಿಗೆ ಹೇಳಿಬಿಡೋಣ, ಅವನು ನಮ್ಮವನು ಅಂತ, ಅನ್ನಿಸಿತು.

ಅಷ್ಟರಲ್ಲಿ ರಾಣಿಗೆ ದೂತ ಬಂದು ಗಂಡ ಸೆರೆಯಾದ ಸುದ್ದಿ ಹೇಳಿದ. ರಾಣಿ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿದಳು.

ರಾಣಿಯ ಕೈಯಲ್ಲಿ ಗಂಜಿ ಇರಲಿಲ್ಲ. ಬೆರಳಿಗೆಲ್ಲ ಉಂಗುರ. ಆ ಮೊಣಕೈ ನನ್ನದು.

ಆಮೇಲೆ ದನಿ ಸಣ್ಣಗಾಯಿತು. ಅದೂ ನನ್ನದು. ಮೊದಲು ಕಣ್ಣು ತಿರುಗಿತು, ಆಮೇಲೆ ತಲೆ. ಓಹೋ, ನಾನು ಹೀಗೆ ಮಾಡುತ್ತೇನೆ ಅಂತ ನನಗೆ ಗೊತ್ತಾದದ್ದೇ ಆಗ. ಕೊನೆಗೆ ಗಂಡನ ಸಾವಿನ ಸುದ್ದಿ ಬಂದಾಗ ರಾಣಿ ಸದ್ದಿಲ್ಲದೆ ಅತ್ತಳು. ಗಲ್ಲ ಮುಂದಕ್ಕೆ ಬಂತು. ಇಡೀ ನಾಟಕಶಾಲೆ ಮೂಗು ಒರೆಸಿಕೊಂಡಿತು.

"ಪಾಪ, ಯಾರೂ ಹೀಗೆ ಅಳೋದನ್ನ ನಾನು ನೋಡಿರಲಿಲ್ಲ," ಅಂದಳು ಪಕ್ಕದವಳು.

ನಾನು ಹಾಗೆ ಅತ್ತಿದ್ದೆ. ಹೊಳೆಯ ಮೆಟ್ಟಿಲ ಮೇಲೆ ಕೂತು, ನನ್ನಮ್ಮನಿಗಾಗಿ ಅತ್ತದ್ದು ಅದು. ನನ್ನ ಕೈ ಹಿಡಿದುಕೊಂಡಿದ್ದವನು ಅದನ್ನು ಮನೆಗೆ ಹೊತ್ತುಕೊಂಡು ಹೋಗಿ, ಬಣ್ಣ ಹಚ್ಚಿ, ಒಂದು ಪೆನ್ನಿ ಕೊಟ್ಟು ಬಂದವರಿಗೆಲ್ಲ ಹಂಚುತ್ತಿದ್ದ.

ನಾಟಕಶಾಲೆಯ ಹಿಂಬಾಗಿಲಿಗೆ ಹೋದೆ. ಉಡುಪು ನೋಡಿಕೊಳ್ಳುವ ಮುದುಕ ಗಾಡ್‌ಫ್ರಿ ಹೊಸ್ತಿಲಲ್ಲಿ ಕೂತು ಗೌನಿಗೆ ಹೊಲಿಗೆ ಹಾಕುತ್ತಿದ್ದ.

"ನೀನೇನಾ ಗಂಜಿ ಅಂಗಡಿಯವಳು?" ಅಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೌದು, ನೀನೇ. ಬೆಳಗ್ಗೆಯಿಂದ ಇಲ್ಲೇ ಓಡಾಡ್ತಾ ಇದ್ದೆಯಲ್ಲ."

"ನಾನು ಈಗ ಬಂದೆ."

"ನೀನಲ್ಲಮ್ಮ, ಅವನು. ಅವನೊಳಗೆ ನೀನು." ಅವನು ನಕ್ಕ. "ಜಾಣ. ಹೋದ ವರ್ಷ ಜಗಳಗಂಟಿ ಪಾತ್ರ ಬಂತು, ಮೀನು ಮಾರೋಳ ಮಗಳ ಹಿಂದೆ ಬಿದ್ದ. ಅದಕ್ಕೂ ಮುಂಚೆ ಸನ್ಯಾಸಿನಿ ಪಾತ್ರ. ಪಾದ್ರಿಯ ತಂಗಿ ಜೊತೆ ದಿನಾ ಪ್ರಾರ್ಥನೆ. ನಾಟಕ ಮುಗೀತು, ಪ್ರಾರ್ಥನೇನೂ ಮುಗೀತು."

ತಮಾಷೆಗೆ ಹೇಳಿದನೋ, ಎಚ್ಚರಿಕೆಗೆ ಹೇಳಿದನೋ. ನನಗೆ ಎರಡೂ ಒಂದೇ ಆಯಿತು. ಆಂಬ್ರೋಸ್‌ನನ್ನು ಕರೆಯದೆ ವಾಪಸು ಬಂದೆ.

* * *

ಜಗಳ ಮಾಡಬಹುದಿತ್ತು. ಮಾಡಿದರೆ ಆ ಜಗಳವೂ ಮುಂದಿನ ನಾಟಕಕ್ಕೆ ಹೋಗುತ್ತದೆ ಅನ್ನಿಸಿತು. ಆದ್ದರಿಂದ ನಾನು ಬಲೆ ಬೀಸಿದೆ.

ಬಲೆ ಇಷ್ಟೇ. ನನ್ನದಲ್ಲದ ಒಂದು ಅಭ್ಯಾಸವನ್ನು ಹುಟ್ಟಿಸಿ ಅವನ ಮುಂದೆ ಇಡುವುದು. ದುಃಖ ಬಂದಾಗ ಹೆಬ್ಬೆರಳಿನಿಂದ ಎಡ ಹುಬ್ಬನ್ನು ಒತ್ತಿ ಹಿಡಿಯುವುದು. ಲೋಕದಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಅವನು ಅದನ್ನು ರಂಗದ ಮೇಲೆ ಮಾಡಿದರೆ, ನನ್ನ ಜೊತೆ ಕೂರುವುದು ಕಲಿಯುವುದಕ್ಕೆ ಅಂತ ಖಾತ್ರಿ. ಹಾಕ್ಲಿಗೆ ಹೂಂ ಅಂದುಬಿಡುವುದು.

ಕೆಲಸ ಮಾಡುತ್ತಲೇ ಅಭ್ಯಾಸ ಮಾಡಿದೆ. ಹುಬ್ಬಿಗೆ ಗಂಜಿ ಮೆತ್ತಿಕೊಂಡಿತು.

"ತಲೆನೋವಾ?" ಅಂದಳು ಚಿಕ್ಕಮ್ಮ.

"ಹೂಂ."

"ಎರಡು ದಿನದಿಂದ ಅದೇ ಜಾಗದಲ್ಲಾ?"

ಸಂಜೆ ಮೆಟ್ಟಿಲಿಗೆ ಹೋದೆ. ಅವನು ಆಗಲೇ ಬಂದು ಕೂತಿದ್ದ. ನನ್ನನ್ನು ಕಂಡ ಕೂಡಲೇ ಅವನ ಮುಖ ಅರಳಿತು. ಈ ಅರಳುವುದನ್ನು ಯಾರಿಂದ ಕಲಿತನೋ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ಹೊಸ ನಾಟಕ ಬಂತು," ಅಂದ. "ಮಗನನ್ನ ಕಳ್ಕೊಂಡ ವಿಧವೆ. ಶುಕ್ರವಾರ ಶುರು."

"ಹಾಗಾ." ನಾನು ಹೊಳೆಯ ಕಡೆ ನೋಡಿದೆ. "ಇವತ್ತು ಯಾಕೋ ಅಮ್ಮನ ನೆನಪಾಗ್ತಿದೆ." ಹೆಬ್ಬೆರಳು ಎತ್ತಿ ಹುಬ್ಬಿಗೆ ಒತ್ತಿದೆ. ನಿಟ್ಟುಸಿರೂ ಬಿಟ್ಟೆ. ಚೆನ್ನಾಗಿಯೇ ಬಂತು ಅನ್ನಿಸಿತು.

ಅವನು ನೋಡಿದ. ಮೊಣಕೈಯನ್ನು ನೋಡಿದ ಹಾಗಲ್ಲ. ಮೊದಲು ನನ್ನ ಹೆಬ್ಬೆರಳು, ಆಮೇಲೆ ನನ್ನ ಕಣ್ಣು, ಮತ್ತೆ ಹೆಬ್ಬೆರಳು. ಅವನ ಕೈಯಲ್ಲಿದ್ದ ಶುಂಠಿರೊಟ್ಟಿ ಕೈಯಲ್ಲೇ ಉಳಿಯಿತು.

"ಸಿಸ್ಲಿ, ಏನಾದ್ರೂ ಹೇಳ್ಬೇಕಾ ನಂಗೆ?"

"ಏನೂ ಇಲ್ಲ."

"ಏನೂ?"

"ಏನೂ ಇಲ್ಲ ಅಂದೆನಲ್ಲ." ಇನ್ನೊಂದು ಸಲ ಒತ್ತಿ ತೋರಿಸಿದೆ. ಸರಿಯಾಗಿ ಕಲಿತುಕೊಳ್ಳಲಿ.

ಅವನು ಬೇಗ ಎದ್ದ. ಹೊರಡುವಾಗ ಮುತ್ತೂ ಕೊಡಲಿಲ್ಲ. ಮರೆಯುವ ಮುಂಚೆ ಕನ್ನಡಿಯ ಮುಂದೆ ಮಾಡಿ ನೋಡಲು ಓಡಿದ ಅಂತ ನಾನು ಹಲ್ಲು ಕಚ್ಚಿದೆ. ಆಮೇಲೆ ಮನೆಗೆ ಹೋಗಿ ಒಲೆಯ ಮುಂದೆ ಕೂತೆ. ಬಲೆಗೆ ಮೀನು ಬಿತ್ತು ಅಂತ ಖುಷಿ ಪಡಬೇಕಲ್ಲ. ಖುಷಿಯೇ ಬರಲಿಲ್ಲ. ಬೀಳದೇ ಹೋಗಲಪ್ಪ, ದೇವರೇ, ಅಂತ ಬೇಡಿಕೊಂಡೆ.

* * *

ಶುಕ್ರವಾರ ಮಧ್ಯಾಹ್ನ ಇವತ್ತು ಆಟ ಇದೆ ಅಂತ ನಾಟಕಶಾಲೆಯ ಮೇಲೆ ಬಾವುಟ ಏರಿತು. ನಾನು ಮುಂದೆ ನುಗ್ಗಿ, ರಂಗದ ಅಂಚಿಗೆ ಗಲ್ಲ ಊರಿ ನಿಂತೆ. ಅವನ ಹೆಬ್ಬೆರಳು ಎಲ್ಲಿ ಹೋದರೂ ನನ್ನ ಕಣ್ಣು ತಪ್ಪಬಾರದು.

ವಿಧವೆ ಬಂದಳು. ಕಪ್ಪು ಗೌನು. ಮಗನ ಹೆಣ ತಂದರು. ಈಗ ಬರುತ್ತದೆ ಅಂತ ಉಸಿರು ಹಿಡಿದೆ.

ಹೆಬ್ಬೆರಳು ಏಳಲಿಲ್ಲ. ಮೊಣಕೈಯೂ ಇಲ್ಲ. ಗಲ್ಲವೂ ಮುಂದೆ ಬರಲಿಲ್ಲ. ಅವನು ಹೆಣದ ಪಕ್ಕ ಕೂತು, ತನ್ನ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಅವುಗಳನ್ನೇ ನೋಡಿದ. ಇದರಲ್ಲಿ ಏನೋ ಇತ್ತಲ್ಲ, ಎಲ್ಲಿ ಹೋಯಿತು ಅನ್ನುವ ಹಾಗೆ. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣೀರು ಬಣ್ಣದ ಮೇಲೆ ಗೆರೆ ಕೊರೆದುಕೊಂಡು ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

ಅದರಲ್ಲಿ ನನ್ನದು ಒಂದೂ ಇರಲಿಲ್ಲ. ಕುಣಿದಾಡಬೇಕಿತ್ತು ನಾನು. ಕುಣಿಯಲಿಲ್ಲ. ನನ್ನ ಬುದ್ಧಿಯೇ ಅಂಥದ್ದು, ಒಂದು ಅನುಮಾನ ಸತ್ತರೆ ಅದರ ಹಿಂದೆಯೇ ಇನ್ನೊಂದು ಎದ್ದು ನಿಲ್ಲುತ್ತದೆ. ನನ್ನದಲ್ಲದಿದ್ದರೆ ಈ ಅಳು ಯಾರದ್ದು? ಯಾವಳ ಪಕ್ಕ ಕೂತು ಕಲಿತ?

ನಾಟಕ ಮುಗಿದ ಕೂಡಲೇ ಹಿಂಬಾಗಿಲಿಗೆ ಓಡಿದೆ. ಗಾಡ್‌ಫ್ರಿ ತಡೆಯಲು ಬಂದವನು ನನ್ನ ಮುಖ ನೋಡಿ ಬದಿಗೆ ಸರಿದ.

ಆಂಬ್ರೋಸ್ ಬಣ್ಣದ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದ. ಸುಳ್ಳು ಹೆರಳು ತೆಗೆದಿದ್ದ. ಮುಖ ವಿಧವೆಯದು, ತಲೆ ಗಂಡಸಿನದು, ಮೈಮೇಲೆ ಗೌನು.

"ಯಾರವಳು?" ಅಂದೆ.

"ಯಾರು?"

"ಇವತ್ತು ಅತ್ತೆಯಲ್ಲ, ಅದು ಯಾರ ಅಳು? ಮೀನಿನವಳ ಮಗಳದಾ? ಪಾದ್ರಿಯ ತಂಗೀದಾ?"

ಅವನು ನನ್ನನ್ನೇ ನೋಡಿದ. "ಮೊದ್ಲು ನೀನು ಹೇಳು. ಯಾರವನು?"

"ಯಾವನು?"

"ಹೆಬ್ಬೆರಳಲ್ಲಿ ಹುಬ್ಬು ಒತ್ಕೊಂಡೆಯಲ್ಲ ಅವತ್ತು. ಅದು ಸುಳ್ಳು. ನೀನು ಯಾವತ್ತೂ ಹಾಗೆ ಮಾಡಲ್ಲ. ನಿನ್ನಮ್ಮನ ನೆನಪಾದ್ರೆ ನಿನ್ನ ಬಾಯಿಂದ ಮಾತೇ ಬರಲ್ಲ, ‘ನೆನಪಾಗ್ತಿದೆ’ ಅಂತ ನೀನು ಹೇಳೋಳಲ್ಲ. ನನ್ನ ಮುಂದೆ ಕೂತು ನಟನೆ ಮಾಡಿದೆ ಸಿಸ್ಲಿ. ನಂಗೆ ಗೊತ್ತಾಗಲ್ವಾ? ಅದೇ ನನ್ನ ಕಸುಬು." ಅವನ ದನಿ ಒಡೆಯಿತು. "ಒಬ್ಬಳು ತನ್ನ ಹುಡುಗನ ಮುಂದೆ ನಾಟಕ ಆಡ್ತಾಳೆ ಅಂದ್ರೆ ಏನೋ ಮುಚ್ಚಿಡ್ತಿದಾಳೆ ಅಂತ ತಾನೆ? ಓಣೀಲೆಲ್ಲ ಹಾಕ್ಲಿ ಹೆಸರು ಓಡಾಡ್ತಿದೆ. ನೀನು ಹೇಳ್ತೀಯಾ ಅಂತ ಕಾದೆ. ಏನೂ ಇಲ್ಲ ಅಂದೆ."

ನಾನು ಪಕ್ಕದ ಪೆಟ್ಟಿಗೆಯ ಮೇಲೆ ಕೂತೆ.

"ಹಾಗಾದ್ರೆ ಇವತ್ತಿನ ಅಳು?"

"ನಂದೇ," ಅಂದ. "ಈ ವಾರ ಪೂರ್ತಿ ಅದೊಂದೇ ಇದ್ದಿದ್ದು ನನ್ನ ಹತ್ರ."

ಕೋಣೆಯಲ್ಲಿ ಬಣ್ಣದ, ಬೆವರಿನ ವಾಸನೆ. ಆಚೆ ಯಾರೋ ರಂಗ ಗುಡಿಸುತ್ತಿದ್ದರು. ನಾನು ಬಲೆಯ ಕಥೆಯನ್ನೆಲ್ಲ ಹೇಳಿದೆ. ಮೊಣಕೈ, ಗಲ್ಲ, ಅಮ್ಮ, ಗಾಡ್‌ಫ್ರಿ ಹೇಳಿದ ಮೀನಿನವಳ ಮಗಳು. ಹೇಳುತ್ತಾ ಹೇಳುತ್ತಾ ಮತ್ತೆ ಕೋಪ ಬಂತು, ದನಿ ಸಣ್ಣಗಾಯಿತು. ಅವನು ತಲೆ ತಗ್ಗಿಸಿದ.

"ಕದ್ದೆ," ಅಂದ. "ಮೀನಿನವಳ ಮಗಳಿಂದ ಬೈಗುಳ ಕದ್ದೆ, ಪಾದ್ರಿ ತಂಗಿಯಿಂದ ಮಂಡಿ ಊರೋದು ಕದ್ದೆ. ಅವರನ್ನ ಒಂದು ಬೆರಳೂ ಮುಟ್ಟಿಲ್ಲ. ನಿನ್ನ ಅಂಗಡಿಗೆ ಬಂದಿದ್ದೂ ಆ ಮೊಣಕೈಗೇ. ಆದ್ರೆ ನಿನ್ನಮ್ಮನಿಗೆ ಅತ್ತಿದ್ದನ್ನ ತರಬೇಕು ಅಂತ ತರ್ಲಿಲ್ಲ. ರಂಗದ ಮೇಲೆ ನಿಂತಾಗ ತಾನಾಗೇ ಬಂದ್ಬಿಡ್ತು. ಮುಗಿದ ಮೇಲೆ ನಂಗೇ ಹೇಸಿಗೆ ಆಯ್ತು. ಅವತ್ತಿಂದ ನಿಂದೇನೂ ಮುಟ್ಟಿಲ್ಲ. ನಿನ್ನ ಮುಂದೆ ಕೂತ್ರೆ ಈಗ ಕಲಿಯೋದೇ ಮರೆತುಹೋಗುತ್ತೆ. ಸುಮ್ನೆ ನೋಡ್ತಾ ಇರ್ತೀನಿ."

ಎದೆ ಹಗುರಾಗಬೇಕಿತ್ತು. ಆದರೆ ಮಾತು ತೀರಾ ಚೆನ್ನಾಗಿತ್ತು.

"ಇದನ್ನ ಯಾರು ಬರೆದುಕೊಟ್ರು?" ಅಂದೆ.

ಅವನು ನಕ್ಕುಬಿಟ್ಟ. ನಗುವಾಗಲೂ ಕಣ್ಣೀರಿತ್ತು. "ನಾನು ಏನ್ ಹೇಳಿದ್ರೂ ನೀನು ನಂಬಲ್ಲ, ಅಲ್ವಾ?"

"ನಂಬಬೇಕು ಅಂತ ಆಸೆ ಇದೆ. ಅದೇ ಕಷ್ಟ. ನಾಳೆ ಹಾಕ್ಲಿಗೆ ಉತ್ತರ ಹೇಳ್ಬೇಕು ನಾನು."

"ಹಾಗಾದ್ರೆ ನಾಳೆ ಬೆಳಗ್ಗೆ ನಿಮ್ಮ ಅಂಗಡೀಲೇ, ನಿನ್ನ ಚಿಕ್ಕಮ್ಮನ ಮುಂದೆ ಕೈ ಹಿಡೀತೀನಿ," ಅಂದ ಆಂಬ್ರೋಸ್. "ಆಮೇಲೆ ನೀನು ನಂಬಿದ್ರೂ ಸರಿ, ಬಿಟ್ರೂ ಸರಿ, ನಾನು ನಿನ್ನವನೇ."

* * *

ಕೈ ಹಿಡಿಯುವುದು ಅಂದರೆ ತಮಾಷೆಯಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಬಲಗೈ ಹಿಡಿದು ಗಂಡು ತನ್ನ ಮಾತು, ಹೆಣ್ಣು ತನ್ನ ಮಾತು ಹೇಳಿದರೆ ಮುಗಿಯಿತು. ಪಾದ್ರಿ, ಚರ್ಚು ಎಲ್ಲ ಆಮೇಲೆ ಬಂದರೂ ನಡೆಯುತ್ತದೆ, ಆಡಿದ ಮಾತು ಮಾತ್ರ ಹಿಂದಕ್ಕೆ ಹೋಗುವುದಿಲ್ಲ.

ಶನಿವಾರ ಬೆಳಗ್ಗೆ ಅವನು ಗಾಡ್‌ಫ್ರಿಯನ್ನು ಕರೆದುಕೊಂಡು ಬಂದ. ಒಳ್ಳೆಯ ಕಂದು ಬಣ್ಣದ ಅಂಗಿ ಹಾಕಿಕೊಂಡಿದ್ದ. ಚಿಕ್ಕಮ್ಮ ಬಾಗಿಲಲ್ಲೇ ತಡೆದಳು.

"ಮುಖ ಇಲ್ಲಿ ಕೊಡು," ಅಂದು, ಒದ್ದೆ ಬಟ್ಟೆ ತಂದು ಅವನ ಕೆನ್ನೆ, ಹಣೆ, ಕಿವಿಯ ಹಿಂದೆ ಎಲ್ಲ ತಿಕ್ಕಿದಳು. "ಬಣ್ಣ ಇದ್ರೆ ನಾನು ಸಾಕ್ಷಿ ನಿಲ್ಲಲ್ಲ."

"ಇಲ್ಲ ಅಮ್ಮ."

"ನೀನು ಇಲ್ಲ ಅಂದ್ರೆ ಸಾಲಲ್ಲ, ಬಟ್ಟೆ ಹೇಳ್ಬೇಕು." ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಿಳಿಯಾಗಿಯೇ ಇತ್ತು. "ಸರಿ. ಇಬ್ಬರೂ ಬಲಗೈ ಹಿಡ್ಕೊಳ್ಳಿ."

ಗಂಜಿಯ ತೊಟ್ಟಿಗಳ ನಡುವೆ ನಾವಿಬ್ಬರೂ ನಿಂತೆವು. ಅವನ ಕೈ ತಣ್ಣಗಿತ್ತು. ಅಷ್ಟು ಹೊತ್ತಿನಲ್ಲೂ ನನ್ನೊಳಗಿನ ಅನುಮಾನ ಬಾಯಿ ಮುಚ್ಚಲಿಲ್ಲ. ರಂಗದ ಮೇಲೆ ಇದೇ ಮಾತನ್ನು ಎಷ್ಟು ಸಲ ಆಡಿದ್ದಾನೋ. ಈಗ ದನಿ ಇಳಿಸುತ್ತಾನೆ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾನೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾನೆ. ನಾನು ಕರಗಿಹೋಗುತ್ತೇನೆ. ಆಮೇಲೆ ಇಡೀ ಬದುಕು ಅದು ನಿಜವೋ ಆಟವೋ ಅಂತ ಯೋಚಿಸುತ್ತಾ ಕೂರುತ್ತೇನೆ.

"ಗಂಡು ಮೊದ್ಲು," ಅಂದಳು ಚಿಕ್ಕಮ್ಮ.

ಅವನು ಬಾಯಿ ತೆರೆದ. ನನ್ನನ್ನೇ ನೋಡುತ್ತಾ, ಒಂದೇ ಉಸಿರಿಗೆ ಹೇಳಿದ.

"ನಾನು, ಆಂಬ್ರೋಸ್, ಸಿಸ್ಲಿ, ನಿನ್ನನ್ನ ನನ್ನ ಗಂಡನಾಗಿ ಸ್ವೀಕರಿಸಿದೀನಿ. ಇವತ್ತಿಂದ ನಿನ್ನ ಮಾತು ಮೀರದೆ, ನಿನ್ನ ಮನೆ ತುಂಬಿ ಬಾಳ್ತೀನಿ."

ಹೇಳಿ, ಎರಡೂ ಮಂಡಿ ಮೆಲ್ಲಗೆ ಮಡಿಸಿ, ಮದುಮಗಳ ಹಾಗೆ ಬಗ್ಗಿ ನಮಸ್ಕಾರವನ್ನೂ ಮಾಡಿದ.

ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ತಾನು ಏನು ಹೇಳಿದೆ ಅಂತ ಅವನಿಗೆ ನಿಧಾನವಾಗಿ ಗೊತ್ತಾಯಿತು. ಕುತ್ತಿಗೆಯಿಂದ ಕೆಂಪು ಏರಿತು, ಕೆನ್ನೆಗೆ, ಕಿವಿಗೆ, ಹಣೆಗೆ. ಚಿಕ್ಕಮ್ಮ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನೊಮ್ಮೆ ನೋಡಿಕೊಂಡಳು.

ಗಾಡ್‌ಫ್ರಿ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಪಾಪ, ಚಿಕ್ಕಂದಿನಿಂದ ಇವನು ಮದುಮಗಳೇ ಆಗಿದ್ದು ತಾಯಿ. ಗಂಡಿನ ಮಾತು ಒಂದ್ಸಲಾನೂ ಆಡಿಲ್ಲ." ಕಣ್ಣೊರೆಸಿಕೊಂಡ. "ಆದ್ರೂ ಇಷ್ಟು ವರ್ಷದಲ್ಲಿ ಇವನು ಒಂದು ಮಾತು ತಪ್ಪಿದ್ದು ನಾನು ನೋಡಿಲ್ಲ. ಜ್ವರ ಬಂದಾಗಲೂ ತಪ್ಪಿಲ್ಲ."

"ಸಿಸ್ಲಿ, ನಾನು," ಅಂದ ಆಂಬ್ರೋಸ್. "ಅದು, ನಾನು ಬೇಕಂತ,"

ಮುಂದೆ ಅವನಿಗೆ ಒಂದು ಮಾತೂ ಸಿಗಲಿಲ್ಲ. ಸಾವಿರ ಜನರ ಮುಂದೆ ನಾಲಗೆ ಹೊರಳುವ ಮನುಷ್ಯ. ನನಗೆ ಅಳು ಬಂತು. ಗಲ್ಲ ಮುಂದಕ್ಕೆ ಬಂದಿರಬೇಕು. ಅವನು ಅದನ್ನು ನೋಡಲಿಲ್ಲ, ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದ.

"ನಾನು, ಸಿಸ್ಲಿ, ಆಂಬ್ರೋಸ್, ನಿನ್ನನ್ನ ನನ್ನ ಹೆಂಡತಿಯಾಗಿ ಸ್ವೀಕರಿಸಿದೀನಿ," ಅಂದೆ.

"ಇದೆಲ್ಲ ನಡೆಯಲ್ಲ," ಅಂದಳು ಚಿಕ್ಕಮ್ಮ. ಅವಳಿಗೂ ನಗು ತಡೆಯಲು ಆಗುತ್ತಿರಲಿಲ್ಲ. "ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಸಾಕ್ಷಿ ಹೇಳ್ಲಿ, ಯಾರು ಗಂಡ, ಯಾರು ಹೆಂಡತಿ ಅಂತ? ಇನ್ನೊಂದ್ಸಲ ಹೇಳ್ರೋ, ಸರಿಯಾಗಿ. ಮುಗಿಸಿ ನಾನು ಹಾಕ್ಲಿ ಹತ್ರ ಹೋಗಿ ಬರ್ಬೇಕು."

ಅವನು ಇನ್ನೊಮ್ಮೆ ಹೇಳಿದ. ಈ ಸಲ ಬೆನ್ನು ನೆಟ್ಟಗೆ ಮಾಡಿ, ದನಿ ಇಳಿಸಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಒಂದು ಅಕ್ಷರ ತಪ್ಪದೆ ಹೇಳಿದ. ಕೇಳಿ ಚಿಕ್ಕಮ್ಮನೇ ಕಣ್ಣೊರೆಸಿಕೊಂಡಳು.

ಎರಡನೆಯದು ಬಹಳ ಚೆನ್ನಾಗಿತ್ತು. ನಾನು ನಂಬಿದ್ದು ಮೊದಲನೆಯದನ್ನು.